ಹಲ್ಲಿನ ಎಕ್ಸ್‌ರೇಕ್ಕ ಕೂಸಿನ್ನ ಹಿಡದ ಕೂಡಸೂದು ಬ್ಯಾಡ್ರಿ

ಸಣ್ಣ ಹುಡುಗ್ರನ್ನ ಹಲ್ಲಿನ ಡಾಕ್ಟರ್ ಕಡೆ ಕರಕೊಂಡ ಹೊಂಟ್ರ ನಮ್ಮ ಕಡೆ ಮನ್ಯಾಗ ಎರಡು ಮಾತು ತಪ್ಪಂಗಿಲ್ಲ. ಒಂದು, "ಅಂಜಬ್ಯಾಡ, ಏನೂ ಆಗಂಗಿಲ್ಲ." ಇನ್ನೊಂದು, "ಗಲಾಟಿ ಮಾಡಿದ್ರ ಸೂಜಿ ಚುಚ್ಚತಾರ ನೋಡು." ಎರಡೂ ಮಾತು ಬ್ಯಾಡ ಅಂತೀನಿ ನಾ. ದಿನಾ ಸೂಜಿ ಹೆಸರು ಹೇಳಿ ಉಣಿಸಿದ ಕೂಸು ಆ ದೊಡ್ಡ ಕುರ್ಚಿ ಮ್ಯಾಲೆ ಬಾಯಿ ತಗೀತದೇನ್ರಿ?

ಎಕ್ಸ್‌ರೇ ಹೊಡದದ್ದು ಗೊತ್ತಾಗಂಗಿಲ್ಲ, ಖರೆ. ತ್ರಾಸಿರೂದು ಬಾಯಾಗಿಡೂ ಫಿಲ್ಮಿಂದು ಇಲ್ಲಾ ಸೆನ್ಸರಿಂದು. ಬಿರುಸು ಇರ್ತದ, ಅಂಚು ನಾಲಿಗಿ ಬುಡಕ್ಕ ಒತ್ತತದ, ಸ್ವಲ್ಪ ಹಿಂದ ಸರದ್ರ ವಾಕರಿಕಿ ಬರ್ತದ. ದೊಡ್ಡವರಿಗೇ ತಡಿಯೂದಿಲ್ಲ.

ನಮ್ಮ ಮಗಳ ಮಗಾ ಆರು ವರ್ಷದಾಂವ. ಮೊದಲ ಹೋದಲ್ಲೆ ಗದ್ದಾ ಹಿಡದು ಅದನ್ನ ತುರುಕಿದ್ರು. ವಾಂತಿ ಆತು. "ಹುಡುಗ ಕೋಆಪರೇಟ್ ಮಾಡಂಗಿಲ್ಲ" ಅಂತ ಕಳಿಸಿಬಿಟ್ರು. ಮುಂದ ಎರಡು ತಿಂಗಳು ಬ್ರಶ್ ಸುದ್ದಾ ಹಿಂದಿನ ಹಲ್ಲಿಗೆ ಮುಟ್ಟಗೊಡಲಿಲ್ಲ. ಆಮ್ಯಾಲೆ ಮಕ್ಕಳ ಹಲ್ಲಿನ ಡಾಕ್ಟರೊಬ್ಬರ ಕಡೆ ಹೋದ್ವಿ. ಆ ಬಾಯಿ ಮೊದಲ ಸೆನ್ಸರ್ ಅವನ ಕೈಯಾಗ ಕೊಟ್ರು, "ಇದು ನಿನ್ನ ಹಲ್ಲಿನ ಫೋಟೋ ತಗಿಯೂ ಕ್ಯಾಮೆರಾ" ಅಂದ್ರು. ಬಟನ್ ಒತ್ತದನ ಒಮ್ಮೆ ಆಟಾ ಆಡಿಸಿದ್ರು. ಮುಂದಿನ ಹಲ್ಲಿಂದು ಮೊದಲ, ದವಡಿದು ಕಡೀಕ. ನಾಲಿಗಿ ತುದಿಗೆ ಚಿಟಿಕಿ ಉಪ್ಪು ಹಚ್ಚಿ, "ಮೂಗಿಲೆ ಉಸಿರಾಡು, ಕಾಲ್ಬೆರಳು ಕುಣಸು" ಅಂದ್ರು. ಲಕ್ಷ್ಯ ಕಾಲಿಗೆ ಹೋತು, ಕೆಲಸಾ ಆತು! ಎರಡು ದವಡಿ ಹಲ್ಲಿನ ನಡುವ ಹುಳುಕು ಇತ್ತು, ಮ್ಯಾಲಿಂದ ನೋಡಿದ್ರ ಕಾಣತಿರಲಿಲ್ಲ. ಇನ್ನೂ ನರಕ್ಕ ಮುಟ್ಟಿರಲಿಲ್ಲ, ತುಂಬಿಸಿದ್ರ ಮುಗೀತು.

"ಹಾಲಹಲ್ಲು, ಹೆಂಗೂ ಬೀಳ್ತಾವಲ್ಲ" ಅಂತ ನಮ್ಮ ನೆಗೆಣ್ಣಿ ಅಂದ್ರು. ದವಡಿ ಹಾಲಹಲ್ಲು ಹತ್ತು-ಹನ್ನೆರಡು ವರ್ಷದ ತನಕಾ ಇರಬೇಕ್ರಿ. ಅಲ್ಲೀತನಕಾ ಹುಡುಗ ಒಂದ ಮಗ್ಗಲಲೆ ಅಗದು ತಿನ್ನಬೇಕೇನು?

ದವಾಖಾನಿಯವರು ಟೈಮ್ ಇಲ್ಲ ಅಂತಾರ. 1895ರಾಗ ರಾಂಟ್ಜೆನ್ ಈ ಕಿರಣಾ ಕಂಡು ಹಿಡದ. ಮರುವರ್ಷ 1896ರಾಗ ಜರ್ಮನಿಯ ಒಟ್ಟೊ ವಾಲ್ಕಾಫ್ ತನ್ನ ಹಲ್ಲಿನ ಎಕ್ಸ್‌ರೇ ತಗಸಿಕೊಳ್ಳಲಿಕ್ಕೆ 25 ನಿಮಿಷ ಅಲುಗಾಡದ ಇದ್ದನಂತ. ಈಗ ಒಂದು ಸೆಕೆಂಡೂ ಬ್ಯಾಡ. ಅಷ್ಟು ಉಳದದ್ದರಾಗ ಐದು ನಿಮಿಷ ಕೂಸಿನ್ನ ರಮಸಲಿಕ್ಕೆ ಕೊಡಬಾರದೇನು? ಒತ್ತಿ ಹಿಡದಾಗ ಕೂಸು ಅಲುಗಾಡಿ ಫೋಟೋ ಕೆಡತದ, ಮತ್ತೊಮ್ಮೆ ತಗೀಬೇಕು. ಕಿರಣ ಕಡಿಮಿ ಇದ್ರೂ ಬೆಳಿಯೂ ಮೈಗೆ ಎರಡೆರಡ ಸಲ ಯಾಕ? ಸಣ್ಣ ಬಾಯಿಗೆ ಸಣ್ಣ ಸೈಜಿನ ಫಿಲ್ಮೂ ಬರ್ತದ, ಅದನ್ನ ಇಡ್ರಿ ಅಂತ ಕೇಳ್ರಿ. ಬಾಯಿ ನೋಡೂಕಿಂತ ಮೊದಲ ಎಕ್ಸ್‌ರೇ ಬರದ್ರ ಯಾಕ ಬೇಕಂತಾನೂ ಕೇಳ್ರಿ, ಸಿಟ್ಟಾದ್ರ ಆಗ್ಲಿ.

ಕೂಸಿನ ಜೋಡಿ ಒಳಗ ನಿಂದರೂದಾದ್ರ ನಿಮಗೂ ಸೀಸದ ಏಪ್ರನ್ ಕೇಳಿ ಹಾಕ್ಕೋರಿ. ಬಸಿರಿದ್ದವರು ಒಳಗ ಹೋಗಬ್ಯಾಡ್ರಿ, ಅಪ್ಪನ್ನೋ ಅಜ್ಜಿನ್ನೋ ಕಳಸ್ರಿ. ಹೊಟ್ಟಿ ಬಿರಿಯೂಹಂಗ ಉಣಿಸಿ, ಇಲ್ಲಾ ನಿದ್ದಿ ಹೊತ್ತಿನಾಗ ಕರಕೊಂಡ ಹೋಗೂದೂ ಬ್ಯಾಡ. ಉಪ್ಪು ಮಾತ್ರ ಮನಿಯಿಂದನ ಒಂದು ಪುಡಿಕಿ ಕಟಗೊಂಡ ಹೋಗ್ರಿ, ಹಚ್ಚೂ ಮುಂದ ಡಾಕ್ಟರಿಗೆ ಒಂದು ಮಾತು ಕೇಳ್ರಿ.