ಎಂ.ಕಾಂ ಓದಿದ ನಮ್ಮ ಹುಡುಗ ಜಮಾಬಂದಿಯಲ್ಲಿ ಯಾಕೆ ಸುಮ್ಮನೆ ಕೂತಿದ್ದ?

ಹೋದ ವರ್ಷ ನಮ್ಮ ಹುಲ್ಲಹಳ್ಳಿ ಹೋಬಳಿಯ ಒಂದು ಗ್ರಾಮ ಪಂಚಾಯಿತಿಯ ಜಮಾಬಂದಿಗೆ ಹೋಗಿದ್ದೆ. ಪಂಚಾಯಿತಿ ಹೆಸರು ಬೇಡ, ಎಲ್ಲಾ ಕಡೆನೂ ಅದೇ ಕತೆ. ಮೇಜಿನ ಮೇಲೆ ನಗದು ಪುಸ್ತಕ, ಬಿಲ್ಲುಗಳ ಕಟ್ಟು, ಅಳತೆ ಪುಸ್ತಕ ಇಟ್ಟಿದ್ರು. ನನ್ನ ಪಕ್ಕ ನಮ್ಮ ಕೇರಿ ಹುಡುಗ ಕೂತಿದ್ದ. ಎಂ.ಕಾಂ, ಫಸ್ಟ್ ಕ್ಲಾಸು. ಪರಿಶಿಷ್ಟರ ಕಾಲೋನಿ ಚರಂಡಿ ಅಂತ ಒಂದು ಬಾಬ್ತು ಕಾಣಿಸ್ತು. ಪುಸ್ತಕಾನ ಅವನ ಕಡೆ ತಳ್ಳಿ, 'ನೋಡಪ್ಪ, ಇದು ಸರಿಯಾಗಿದೆಯಾ' ಅಂದೆ. ಎರಡು ಹಾಳೆ ತಿರುವಿ ನೋಡಿ, ಮೆಲ್ಲಗೆ ಅಂದ: 'ನಂಗಿದು ಗೊತ್ತಾಗಲ್ಲ ಕನಣ್ಣ. ನಮ್ಗೆ ಹೇಳ್ಕೊಟ್ಟಿರೋದು ಕಂಪ್ನಿ ಲೆಕ್ಕ.'

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಕ್ಕ ಎದ್ದು ನಿಂತ್ರು. ಉದ್ಯೋಗ ಖಾತ್ರಿಯಲ್ಲಿ ಮಣ್ಣು ಹೊರೋರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋರು. 'ಚರಂಡಿ ಎಲ್ಲೈತೆ ಸಾಮಿ? ಬನ್ನಿ, ಈಗ್ಲೇ ನಡ್ಕೊಂಡೋಗಿ ನೋಡ್ಕೊಂಡು ಬರೋಣ' ಅಂದ್ರು. ಸಭೆ ಅಲ್ಲಾಡಿದ್ದು ಆ ಒಂದು ಮಾತಿಗೆ.

ಹುಡುಗನ್ನ ನಾನು ಬೈತಿಲ್ಲ. ಅವನ ಓದಿನ ಮೇಲೆ ನನಗಿರೋ ಸಿಟ್ಟನ್ನ ಹೇಳ್ತಿದೀನಿ.

ನ್ಯಾಕ್ ಬಂದ ಮೇಲೆ ಯಾವ ಕಾಲೇಜಿನ ವೆಬ್‌ಸೈಟ್ ತೆಗೆದ್ರೂ ಪ್ರತಿ ಕೋರ್ಸಿಗೂ ಒಂದು 'ಕಲಿಕಾ ಫಲಿತಾಂಶ'ದ ಪಟ್ಟಿ ಇರುತ್ತೆ. ಎಂ.ಕಾಂದೂ ಇದೆ. ವಿಶ್ಲೇಷಣಾ ಸಾಮರ್ಥ್ಯ, ನಿರ್ಧಾರ ತೆಗೆದುಕೊಳ್ಳುವ ಕೌಶಲ, ವೃತ್ತಿ ನೈತಿಕತೆ, ಸಂವಹನ. ಒಂದೂ ಕೆಟ್ಟ ಮಾತಲ್ಲ. ಆದರೆ ಯಾರ ಪರವಾಗಿ ವಿಶ್ಲೇಷಣೆ? ಪಠ್ಯದ ಉದಾಹರಣೆಗಳಲ್ಲಿ ಲೆಕ್ಕ ನೋಡುವವನು ಯಾವಾಗಲೂ ಮ್ಯಾನೇಜರು, ಶೇರುದಾರ, ಇಲ್ಲಾ ಸಾಲ ಕೊಡೋ ಬ್ಯಾಂಕು. ಸಾಲ ತಗೊಂಡ ಹೆಂಗಸು ಲೆಕ್ಕ ನೋಡೋದಿಲ್ಲ. ಕೂಲಿ ಬಾಕಿ ಇರೋನು ನೋಡೋದಿಲ್ಲ. ತನ್ನ ಪಾಲಿನ ಅನುದಾನ ಎಲ್ಲಿ ಹೋಯ್ತು ಅಂತ ಕೇಳೋ ಕೇರಿಯೋರು ಆ ಪುಸ್ತಕದೊಳಗೆ ಹುಟ್ಟೇ ಇಲ್ಲ. ಅಂಗಡಿ ಇರೋ ಮನೆ ಮಗು ಖಾತೆ ಪುಸ್ತಕ ನೋಡ್ತಾನೇ ಬೆಳೆಯುತ್ತೆ. ನಮ್ಮ ಮನೆಯಲ್ಲಿ ಕೈಸಾಲದ ಲೆಕ್ಕ ಬಿಟ್ಟರೆ ಬೇರೆ ಲೆಕ್ಕ ಇರಲಿಲ್ಲ, ಅದನ್ನೂ ಬರೆದಿಟ್ಟುಕೊಂಡೋರು ಸಾಲ ಕೊಟ್ಟೋರೇ.

ಇಷ್ಟಕ್ಕೂ ಆ ನಗದು ಪುಸ್ತಕ ಅವನಿಗೆ ತೀರಾ ಪರದೇಶಿ ಏನಲ್ಲ. ಗ್ರಾಮ ಪಂಚಾಯಿತಿಗಳ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು 2006ರಲ್ಲಿ ಬಂದ ಮೇಲೆ ಪಂಚಾಯಿತಿ ಲೆಕ್ಕವೂ ಡಬಲ್ ಎಂಟ್ರಿನೇ. ಪಿಯುಸಿಯಿಂದ ಅವನು ಬರೆದುಕೊಂಡು ಬಂದಿದ್ದೂ ಅದನ್ನೇ. ಏಳು ವರ್ಷ ಕಲಿತ ವಿದ್ಯೆ ಅವನ ಮುಂದೇನೇ ಮೇಜಿನ ಮೇಲಿತ್ತು, ಅದು ತನ್ನದು ಅಂತ ಯಾರೂ ಅವನಿಗೆ ಹೇಳಿರಲಿಲ್ಲ.

ನಾವು ಹೋರಾಟಗಾರರೂ ಹೇಳಲಿಲ್ಲ. ಇದನ್ನ ಒಪ್ಪಿಕೊಳ್ಳಬೇಕು. ಬಾಬಾಸಾಹೇಬರ ಪ್ರತಿಮೆಯ ಕೈಯಲ್ಲಿರೋದು ಸಂವಿಧಾನ ಅಂತ ಕೇರಿ ಮಕ್ಕಳಿಗೆಲ್ಲ ಗೊತ್ತು. ಆದರೆ 1915ರಲ್ಲಿ ಕೊಲಂಬಿಯಾದ ಎಂ.ಎ.ಗೆ ಅವರು ಬರೆದ ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ. 1923ರಲ್ಲಿ ಲಂಡನ್ನಿನಲ್ಲಿ ಬಂದ ಪುಸ್ತಕ ರೂಪಾಯಿಯ ಸಮಸ್ಯೆ ಬಗ್ಗೆ. 1925ರದ್ದು ಪ್ರಾಂತೀಯ ಹಣಕಾಸಿನ ಬಗ್ಗೆ, ಅಂದ್ರೆ ಕೇಂದ್ರದ ಗಂಟಿನಿಂದ ಪ್ರಾಂತ್ಯಕ್ಕೆ ಎಷ್ಟು, ಹೇಗೆ ಬರುತ್ತೆ ಅನ್ನೋ ಲೆಕ್ಕ. ಆಳುವವರನ್ನ ಅವರದೇ ಖಾತೆ ಪುಸ್ತಕ ತೆರೆದು ಪ್ರಶ್ನೆ ಮಾಡಿದ ಮನುಷ್ಯ ಅವರು. ಏಪ್ರಿಲ್ 14ರ ಮೆರವಣಿಗೆಯಲ್ಲಿ ಈ ಮಾತು ಬರೋದೇ ಇಲ್ಲ, ಡಿಜೆ ಸದ್ದಲ್ಲಿ ಬಂದ್ರೂ ಕೇಳಿಸಲ್ಲ ಬಿಡಿ.

ಈಗ ಎಸ್‌ಸಿಎಸ್‌ಪಿ–ಟಿಎಸ್‌ಪಿ ವಿಚಾರಕ್ಕೆ ಬನ್ನಿ. 2013ರಲ್ಲಿ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕ ಹಾಗೆ ಶೇ. 24.1ರ ಪಾಲು ಪರಿಶಿಷ್ಟರಿಗೆ. ಅದರೊಳಗೇ 7ಡಿ ಅಂತ ಒಂದು ಕಿಂಡಿ ಇತ್ತು, ರಸ್ತೆ, ನೀರಾವರಿಗೆ ಖರ್ಚು ಮಾಡಿದ್ದನ್ನೂ ನಮಗೆ ಖರ್ಚಾಯ್ತು ಅಂತ ಭಾವಿಸಿಕೊಳ್ಳಬಹುದಿತ್ತು. ಹೋರಾಟ ಮಾಡಿ 2023ರಲ್ಲಿ ಅದನ್ನ ತೆಗೆಸಿದ್ವಿ. 7ಸಿ ಉಳೀತು. ಎಲ್ಲರಿಗೂ ಇರೋ ಯೋಜನೆಯಲ್ಲಿ ಪರಿಶಿಷ್ಟ ಫಲಾನುಭವಿಗಳು ಎಷ್ಟಿದ್ದಾರೋ ಅಷ್ಟು ಪಾಲಿನ ವೆಚ್ಚವನ್ನ ಉಪಯೋಜನೆಗೆ ಹಾಕಬಹುದು ಅನ್ನೋದು ಅದು. 2024-25ರಲ್ಲಿ ಉಪಯೋಜನೆಗೆ ಇಟ್ಟಿದ್ದು 39,121 ಕೋಟಿ, ಅದರಲ್ಲಿ ಗ್ಯಾರಂಟಿಗಳಿಗೆ ಅಂತ ಹೋದದ್ದು 14,282 ಕೋಟಿ.

ನಾವು ಬೀದಿಯಲ್ಲಿ 'ನಮ್ಮ ದುಡ್ಡು ನಮಗೆ ಕೊಡಿ' ಅಂತ ಕೂಗ್ತೀವಿ. ಅವರು 'ನಿಮ್ಮ ಹೆಣ್ಣುಮಕ್ಕಳಿಗೂ ಎರಡು ಸಾವಿರ ಬರ್ತಿದೆಯಲ್ಲ' ಅಂತಾರೆ. ಅಲ್ಲಿಗೆ ಮಾತು ನಿಲ್ಲುತ್ತೆ. ಆದರೆ ಇದು ಎಂ.ಕಾಂ ಹುಡುಗರು ಕಾಸ್ಟ್ ಅಕೌಂಟಿಂಗ್‌ನಲ್ಲಿ ಓದೋ ಪಾಠ. ಒಂದು ಸಾಮಾನ್ಯ ಖರ್ಚನ್ನ ಯಾವ ವಿಭಾಗದ ತಲೆಗೆ ಎಷ್ಟು ಹಂಚಬೇಕು, ಯಾವುದು ಇದ್ದೇ ಇರೋ ಖರ್ಚು, ಯಾವುದು ಹೆಚ್ಚುವರಿ ಖರ್ಚು ಅನ್ನೋದನ್ನ ಅವರು ಪರೀಕ್ಷೆಗೆ ಬರೀತಾರೆ. ಗೃಹಲಕ್ಷ್ಮಿ ನಮ್ಮ ಕೇರಿ ತಾಯಿಗೆ ಬರ್ತಿರೋದು ಅವಳು ದಲಿತಳು ಅಂತ ಅಲ್ಲ, ಈ ರಾಜ್ಯದ ಒಂದು ಮನೆಯ ಯಜಮಾನಿ ಅಂತ. ಉಪಯೋಜನೆ ಇಲ್ಲದಿದ್ರೂ ಆ ಎರಡು ಸಾವಿರ ಅವಳಿಗೆ ಬರಲೇಬೇಕಿತ್ತು. ಹಾಗಾದ್ರೆ ಅದನ್ನ ಉಪಯೋಜನೆಯ ಖಾತೆಗೆ ಬರೆದಾಗ ಅವಳಿಗೆ ಹೆಚ್ಚಾಗಿ ಸಿಕ್ಕಿದ್ದು ಎಷ್ಟು? ಸೊನ್ನೆ. ಅವಳ ಮಗನ ಹಾಸ್ಟೆಲ್ಲಿಗೋ ಜಮೀನಿಗೋ ಬರಬಹುದಾಗಿದ್ದ ದುಡ್ಡು ಮಾತ್ರ ಕಮ್ಮಿ ಆಯ್ತು. ಗ್ಯಾರಂಟಿ ಬೇಡ ಅಂತ ನಾನು ಹೇಳ್ತಿಲ್ಲ, ಅದು ಬೇಕು. ಅದರ ಬಿಲ್ಲು ನಮ್ಮ ಗಂಟಿನಿಂದ ಬೇಡ. ಈ ಮಾತನ್ನ ಅಂಕಿ ಸಮೇತ ಎದುರು ಕೂತು ಹೇಳೋ ನಮ್ಮ ಹುಡುಗರು ಎಷ್ಟು ಜನ ಇದ್ದಾರೆ?

ಅಷ್ಟು ದೂರ ಬೇಡ, ಮನೆಗೇ ಬರೋಣ. 2025ರ ಆರಂಭದಲ್ಲಿ ನಮ್ಮ ನಂಜನಗೂಡು ತಾಲ್ಲೂಕಿನ ಊರುಗಳಲ್ಲಿ ಫೈನಾನ್ಸ್‌ನವರ ಕಾಟಕ್ಕೆ ಜನ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಒಂದು ಸಣ್ಣ ಲೆಕ್ಕ ಹಾಕಿ. 50,000 ಸಾಲ, ವರ್ಷಕ್ಕೆ ಶೇ. 12 'ಫ್ಲಾಟ್' ಬಡ್ಡಿ, ಎರಡು ವರ್ಷದ ಕಂತು. ಬಡ್ಡಿ 12,000, ತಿಂಗಳಿಗೆ 2,583 ರೂಪಾಯಿ. ಕೇಳೋಕೆ ಹಗುರ. ಆದರೆ ವರ್ಷ ಕಳೆಯೋ ಹೊತ್ತಿಗೆ ಅರ್ಧ ಅಸಲು ತೀರಿಸಿರ್ತೀರಿ, ಬಡ್ಡಿ ಮಾತ್ರ ಇನ್ನೂ ಪೂರ್ತಿ 50,000ಕ್ಕೇ ಕಟ್ತಾ ಇರ್ತೀರಿ. ಉಳಿದ ಅಸಲಿಗೆ ಲೆಕ್ಕ ಹಾಕಿದ್ರೆ ಅದು ವರ್ಷಕ್ಕೆ ಸುಮಾರು ಶೇ. 21.5. ಎಂ.ಕಾಂ ಮಾಡಿದೋರು ಇದನ್ನ ಐದು ನಿಮಿಷದಲ್ಲಿ ಮಾಡ್ತಾರೆ, ಇಂಗ್ಲಿಷಿನಲ್ಲಿ. ಅದೇ ಹುಡುಗ ತನ್ನ ಅವ್ವನ ಪಕ್ಕ ಕೂತು, ಅವಳ ಸಂಘದ ಪಾಸ್‌ಬುಕ್ ಬಿಡಿಸಿ, ನಮ್ಮ ಮಾತಲ್ಲಿ ಹೇಳ್ಕೊಟ್ಟಿದ್ದು ನಾನು ಕಂಡಿಲ್ಲ. ನನ್ನ ಕೇಳಿದ್ರೆ ಆ ಡಿಗ್ರಿಗೆ ಇಡಬೇಕಾದ ವೈವಾ ಇದೇ.

'ಅಣ್ಣ, ನಮ್ಗೆ ಬೇಕಾಗಿರೋದು ಕೆಲ್ಸ, ನಿಮ್ ಹೋರಾಟ ಅಲ್ಲ' ಅಂತ ಹುಡುಗರು ಹೇಳ್ತಾರೆ. ಸರಿಯಾಗೇ ಹೇಳ್ತಾರೆ. ಮನೆಯಲ್ಲಿ ಮೊದಲು ಓದಿದೋನಿಗೆ ಹೊಟ್ಟೆಪಾಡು ಎಲ್ಲದಕ್ಕೂ ಮುಂದೆ. ಆದರೆ ಆ ಡಿಗ್ರಿ ಕೆಲಸನಾದ್ರೂ ಕೊಟ್ಟಿದೆಯಾ? ನಮ್ಮ ಹುಡುಗ ಎಂ.ಕಾಂ ಮುಗಿಸಿ ಮತ್ತೆ ದುಡ್ಡು ಕಟ್ಟಿ ಟ್ಯಾಲಿ ಕಲಿತ. ಈಗ ಬೆಳಗ್ಗೆ ಬಸ್ಸಿಗೆ ಮೈಸೂರಿಗೆ ಹೋಗಿ ಒಂದು ಆಫೀಸಲ್ಲಿ ಜಿಎಸ್‌ಟಿ ಬಿಲ್ ಕಂಪ್ಯೂಟರಿಗೆ ತುಂಬ್ತಾನೆ. ಪಿಯುಸಿ ಮಾಡಿದೋನೂ ಮಾಡೋ ಕೆಲಸ. ಬೇರೆಯವರ ಲೆಕ್ಕ ಓದಿ ತಪ್ಪು ಹಿಡಿಯೋ ಕೌಶಲ ಇದ್ದಿದ್ರೆ ಅಲ್ಲೂ ಒಂದು ಮೆಟ್ಟಿಲು ಮೇಲೆ ಕೂರ್ತಿದ್ದ. ಲೆಕ್ಕಪರಿಶೋಧನೆ ಇಲಾಖೆ ಪರೀಕ್ಷೆ ಬರೆಯೋಕೂ ಅದೇ ಬೇಕು.

ನಮ್ಮ ವಾಣಿಜ್ಯ ವಿಭಾಗದ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಕೊನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಅದೇ ಹಳೇ 'ಗ್ರಾಹಕರ ತೃಪ್ತಿ' ಬದಲು ಮಕ್ಕಳಿಗೆ ಅವರವರ ಊರಿನ ಪಂಚಾಯಿತಿ ಲೆಕ್ಕ ಕೊಡಿ. ಪರಿಶಿಷ್ಟರಿಗೆ ಎತ್ತಿಡಬೇಕಾದ ಪಾಲು ಎಷ್ಟಿತ್ತು, ಖರ್ಚಾಗಿದ್ದು ಯಾವುದಕ್ಕೆ, ಚರಂಡಿ ನೆಲದ ಮೇಲಿದೆಯೋ ಪುಸ್ತಕದಲ್ಲಿದೆಯೋ ಬರ್ಕೊಂಡು ಬರಲಿ. ದಾಖಲೆ ಕೊಡದಿದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕೋದನ್ನೂ ಕಲೀತಾರೆ.

ಜಮಾಬಂದಿ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ನಡೆಯುತ್ತೆ. ಭಾನುವಾರ ಸಂಜೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ನಾಲ್ಕೈದು ಜನ ಕೂತು ಆ 2006ರ ನಿಯಮ ಓದ್ತಾ ಇದೀವಿ. ಆ ಹುಡುಗನೇ ಬಂದು ಓದಿಸ್ತಾನೆ, ನನಗೆ ಅರ್ಧ ತಲೆಗೆ ಹೋಗಲ್ಲ. ಚರಂಡಿ ಕೇಳಿದ ಆ ಅಕ್ಕ ಅವನಿಗೆ ಅಳತೆ ಪುಸ್ತಕದ ಕತೆ ಹೇಳ್ಕೊಡ್ತಾರೆ. ಬಿ.ಕಾಂ, ಎಂ.ಕಾಂ ಮಾಡಿದೋರು ಸುತ್ತಮುತ್ತ ಇದ್ರೆ ಬನ್ನಿ. ಕ್ಯಾಲ್ಕುಲೇಟರ್ ಇದ್ರೆ ತನ್ನಿ, ಇಲ್ಲಿರೋದು ಒಂದೇ.

ಜೈ ಭೀಮ್.