5,000 ದಾಟಿದರೂ ವಿಟೆಕ್ ಏಳುತ್ತಿಲ್ಲವೇ?

ಹಳೆ ಹೋಂಡಾ ಸಿಟಿ ವಿಟೆಕ್ ಇಟ್ಟುಕೊಂಡವರು ಬೆಂಗಳೂರಿನಲ್ಲಿ ಈಗಲೂ ಇದ್ದಾರೆ. 2003ರಲ್ಲಿ ಹೊಸ ಆಕಾರದ ಸಿಟಿ ಬರುವುದಕ್ಕೆ ಮುಂಚಿನ ಗಾಡಿ ಅದು. 1.5 ಲೀಟರ್ ಎಂಜಿನ್, 106 ಬಿಎಚ್‌ಪಿ, ಮೈಯೂ ಹಗುರ. ಇವತ್ತು ಅದನ್ನು ಸಾಕುತ್ತಿರುವವರು ಯಾರೂ ಮೈಲೇಜಿಗಾಗಿ ಸಾಕುತ್ತಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಾಗ 5,000 ಆರ್‌ಪಿಎಂ ಆಸುಪಾಸಿನಲ್ಲಿ ಎಂಜಿನ್ನಿನ ದನಿ ಬದಲಾಗುತ್ತದಲ್ಲ, ಅದಕ್ಕಾಗಿ.

ಆ ದನಿ ನಿಂತುಹೋದಾಗ ಶುರುವಾಗುತ್ತದೆ ಸಂಕಟ. ಗಾಡಿ ಸ್ಟಾರ್ಟ್ ಆಗುತ್ತೆ, ಆಫೀಸಿಗೆ ಹೋಗಿ ಬರುತ್ತೆ, ಸಿಟಿ ಟ್ರಾಫಿಕ್‌ನಲ್ಲಿ ಯಾವ ವ್ಯತ್ಯಾಸವೂ ಗೊತ್ತಾಗಲ್ಲ. ಹೈವೇಗೆ ಹೋದಾಗ ಮಾತ್ರ ಮೇಲೆ ಮೇಲೆ ಉಸಿರು ಕಟ್ಟಿದ ಹಾಗೆ. ಆಮೇಲೆ ಬರುವ ಪ್ರಶ್ನೆ ಒಂದೇ: ‘ಸಾಲೆನಾಯ್ಡ್ ಚೇಂಜ್ ಮಾಡಿಸಿಬಿಡ್ಲಾ?’ ನಾನು ತಿರುಗಿ ಕೇಳುವುದೂ ಒಂದೇ: ಡಿಪ್‌ಸ್ಟಿಕ್ ತೆಗೆದು ನೋಡಿದ್ರಾ?

ಯಾಕೆ ಅಂತ ಹೇಳುವುದಕ್ಕೆ ಒಳಗೆ ಏನು ನಡೆಯುತ್ತೆ ಅನ್ನೋದನ್ನು ಸ್ವಲ್ಪ ನೋಡಬೇಕು. ಎಂಜಿನ್ ನಿಧಾನವಾಗಿ ತಿರುಗುವಾಗ ವಾಲ್ವ್ ಕಡಿಮೆ ತೆರೆದರೆ ಒಳ್ಳೆಯದು; ಜೋರಾಗಿ ತಿರುಗುವಾಗ ಜಾಸ್ತಿ ತೆರೆಯಬೇಕು, ಜಾಸ್ತಿ ಹೊತ್ತು ತೆರೆದಿರಬೇಕು. ಒಂದೇ ಕ್ಯಾಮ್ ಆಕಾರದಲ್ಲಿ ಎರಡನ್ನೂ ಸಾಧಿಸೋಕೆ ಆಗಲ್ಲ. ಹೋಂಡಾದವರು 1989ರಲ್ಲಿ ಜಪಾನಿನ ಇಂಟೆಗ್ರಾ ಕಾರಿಗೆ ಹಾಕಿದ 1.6 ಲೀಟರ್ ಬಿ16ಎ ಎಂಜಿನ್ನಿನಲ್ಲಿ ಇದಕ್ಕೆ ದಾರಿ ಕಂಡುಕೊಂಡರು. ಜೋಡಿ ವಾಲ್ವ್‌ಗಳಿಗೆ ಮೂರು ಕ್ಯಾಮ್ ಉಬ್ಬುಗಳು, ಮೂರು ರಾಕರ್ ಆರ್ಮ್‌ಗಳು. ಆಚೀಚೆಯ ಎರಡು ಸಾಮಾನ್ಯ ಓಟಕ್ಕೆ, ನಡುವಿನ ಎತ್ತರದ್ದು ಜೋರು ಓಟಕ್ಕೆ. ಕೆಳಗಿನ ಆರ್‌ಪಿಎಂನಲ್ಲಿ ನಡುವಿನ ರಾಕರ್ ಸುಮ್ಮನೆ ಮೇಲೆ ಕೆಳಗೆ ಆಡುತ್ತಿರುತ್ತದೆ, ಯಾವ ವಾಲ್ವನ್ನೂ ತಳ್ಳುವುದಿಲ್ಲ. ಸಮಯ ಬಂದಾಗ ರಾಕರ್‌ಗಳ ಒಳಗಿರುವ ಪುಟ್ಟ ಪಿನ್‌ಗಳು ಸರಿದು ಮೂರನ್ನೂ ಒಂದು ಮಾಡುತ್ತವೆ. ಅಲ್ಲಿಂದಾಚೆಗೆ ನಡುವಿನದ್ದೇ ಯಜಮಾನ. 1.6 ಲೀಟರಿನಿಂದ 160 ಪಿಎಸ್ ಬಂದಿದ್ದು ಹೀಗೆ, ಟರ್ಬೊ ಇಲ್ಲದೆ. ಸಿಂಗಲ್ ಕ್ಯಾಮ್ ವಿಟೆಕ್‌ಗಳಲ್ಲಿ ಈ ಏರ್ಪಾಡು ಇನ್‌ಟೇಕ್ ಕಡೆ ಮಾತ್ರ.

ಆ ಪಿನ್ನನ್ನು ತಳ್ಳುವುದು ಕರೆಂಟ್ ಅಲ್ಲ, ಮೋಟರ್ ಅಲ್ಲ. ಎಂಜಿನ್ ಆಯಿಲ್! ಸಾಲೆನಾಯ್ಡ್ ಮಾಡುವುದು ಆಯಿಲ್ ಹೋಗುವ ದಾರಿಯನ್ನು ತೆರೆಯುವ ಕೆಲಸ, ಅಷ್ಟೆ. ಬಾಗಿಲು ತೆಗೆದರೂ ಬರುವವರೇ ಇಲ್ಲದಿದ್ದರೆ ಬಾಗಿಲು ಬದಲಾಯಿಸಿ ಏನು ಪ್ರಯೋಜನ?

ಹಾಗಾಗಿ ಮೊದಲು ಆಯಿಲ್. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಈ ವಯಸ್ಸಿನ ಎಂಜಿನ್‌ಗಳು ಸ್ವಲ್ಪ ಆಯಿಲ್ ಕುಡಿಯುತ್ತವೆ, ಸರ್ವೀಸಿನಿಂದ ಸರ್ವೀಸಿಗೆ ಮಾತ್ರ ನೋಡಿದರೆ ಸಾಲದು. ಎಷ್ಟೋ ಗಾಡಿಗಳ ವಿಟೆಕ್ ಕಾಯಿಲೆ ಆಯಿಲ್ ಮಟ್ಟ ಸರಿಮಾಡಿದರೇ ವಾಸಿಯಾಗುತ್ತದೆ. ಇನ್ನೊಂದು, ‘ಹಳೆ ಗಾಡಿ ಸಾರ್, ದಪ್ಪ ಆಯಿಲ್ ಹಾಕೋಣ’ ಅನ್ನುವ ಗ್ಯಾರೇಜ್ ಸಲಹೆ. ಹೊಗೆ ಕಡಿಮೆಯಾಗಬಹುದು, ಆದರೆ ಈ ಎಂಜಿನ್ನಿನ ಆಯಿಲ್ ದಾರಿಗಳು ತುಂಬಾ ಸಣ್ಣವು. ಗಾಡಿಯ ಕೈಪಿಡಿಯಲ್ಲಿ ಬರೆದಿರುವ ಗ್ರೇಡನ್ನೇ ಹಾಕಿ.

ಎರಡನೆಯದು ನಮ್ಮಂಥ ಕೋಡ್ ಬರೆಯುವವರಿಗೆ ಸುಲಭವಾಗಿ ಅರ್ಥವಾಗುವ ವಿಷಯ. ವಿಟೆಕ್ ಆನ್ ಮಾಡುವ ಮೊದಲು ಇಸಿಯು ಕೆಲವು ಷರತ್ತುಗಳನ್ನು ನೋಡುತ್ತದೆ: ಆರ್‌ಪಿಎಂ ಸಾಕಷ್ಟಿದೆಯಾ, ಎಂಜಿನ್ ಮೇಲೆ ಲೋಡ್ ಇದೆಯಾ, ಕೂಲಂಟ್ ಬಿಸಿಯಾಗಿದೆಯಾ, ಗಾಡಿ ಚಲಿಸುತ್ತಿದೆಯಾ. ಎಲ್ಲಕ್ಕೂ ಹೌದು ಅಂತ ಬರಬೇಕು. ಒಂದಕ್ಕೆ ಇಲ್ಲ ಅಂತ ಬಂದರೂ ಸಾಲೆನಾಯ್ಡ್‌ಗೆ ಕರೆಂಟೇ ಹೋಗಲ್ಲ. ನಿಲ್ಲಿಸಿದ ಗಾಡಿಯಲ್ಲಿ ರೇಸ್ ಕೊಟ್ಟು ‘ನೋಡಿ, ಬರ್ತಿಲ್ಲ’ ಅನ್ನುವುದು ಅದಕ್ಕೇ ಪರೀಕ್ಷೆಯಾಗುವುದಿಲ್ಲ. ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ ನೋಡಿದರೆ ಸಾಕು, 120ರಲ್ಲಿ ಓಡಿಸಬೇಕಾಗಿಲ್ಲ.

ನಮ್ಮೂರಿನ ಗಾಡಿಗಳಲ್ಲಿ ಈ ಷರತ್ತುಗಳು ಎರಡು ಕಡೆ ಮುರಿದು ಬೀಳುತ್ತವೆ. ಒಂದು ಸ್ಪೀಡೋಮೀಟರ್. ಇವುಗಳಲ್ಲಿ ಸ್ಪೀಡೋಮೀಟರ್‌ಗೂ ಇಸಿಯುಗೂ ವೇಗದ ಸುದ್ದಿ ಕೊಡುವುದು ಒಂದೇ ಸೆನ್ಸರ್. ಮುಳ್ಳು ಸತ್ತಿದ್ದರೆ ಇಸಿಯು ಲೆಕ್ಕದಲ್ಲಿ ಗಾಡಿ ಇನ್ನೂ ಮನೆ ಮುಂದೆ ನಿಂತಿದೆ. (ಓಡಿದ ಕಿಲೋಮೀಟರ್ ಏರದಿರಲಿ ಅಂತ ಅದರ ವೈರ್ ಕಳಚಿಟ್ಟು ಮಾರುವ ಪುಣ್ಯಾತ್ಮರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ನೋಡಿಕೊಳ್ಳಿ.)

ಇನ್ನೊಂದು ಥರ್ಮೋಸ್ಟ್ಯಾಟ್. ಗಾಡಿ ಒಂದು ಸಲ ಹೀಟ್ ಆದರೆ ಸಾಕು, ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕುವ ಅಭ್ಯಾಸ ನಮ್ಮಲ್ಲಿದೆ. ನನ್ನ ಟೀಮಿನ ಹುಡುಗನೊಬ್ಬನ ಬಳಿ ಅಪ್ಪ ಕೊಂಡ 2002ರ ಸಿಟಿ ಇದೆ. ಅಪ್ಪ ಈಗಿಲ್ಲ, ಗಾಡಿ ಮಾರುವ ಮನಸ್ಸೂ ಅವನಿಗಿಲ್ಲ. ವಿಟೆಕ್ ಏಳುತ್ತಿಲ್ಲ ಅಂತ ಒಂದು ಗ್ಯಾರೇಜಿಗೆ ಹೋದರೆ ಹೆಡ್ ಇಳಿಸಬೇಕು ಅಂದರು. ಎಸ್ಟಿಮೇಟ್ ನೋಡಿ, ಮನೆಯಲ್ಲಿ ಗುಜರಿಗೆ ಕೊಡುವ ಮಾತು ಶುರುವಾಗಿತ್ತು. ನಾವಿಬ್ಬರೂ ಮಾಗಡಿ ರಸ್ತೆಯ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಗಾಡಿ ತೆಗೆದುಕೊಂಡು ಹೋದೆವು. ಅವರು ಬಾನೆಟ್ ಎತ್ತುವ ಮೊದಲು ಒಂದು ರೌಂಡ್ ಓಡಿಸಿಕೊಂಡು ಬಂದರು.

‘ಟೆಂಪರೇಚರ್ ಮುಳ್ಳು ನೋಡಿದ್ರಾ ಸಾರ್?’

‘ಮೇಲೇನೂ ಹೋಗಿಲ್ವಲ್ಲ ಅಣ್ಣ, ಚೆನ್ನಾಗೇ ಇದೆ.’

‘ಮೇಲೆ ಹೋಗಿಲ್ಲ ಅನ್ನೋದೇ ಪ್ರಾಬ್ಲಂ. ಇಷ್ಟು ದೂರ ಓಡಿದ್ರೂ ತಣ್ಣಗಿದೆ. ವಾಲ್ವ್ ತೆಗೆದಿದ್ದಾರೆ ಇದ್ರಲ್ಲಿ. ಹೆಡ್ ಯಾವತ್ತು ಬೇಕಾದ್ರೂ ಇಳಿಸಬಹುದು, ಮೊದಲು ಇದು ಬಿಸಿ ಆಗ್ಲಿ.’

ನಮ್ಮ ಗ್ಯಾರೇಜುಗಳಲ್ಲಿ ‘ವಾಲ್ವ್’ ಅಂದರೆ ಥರ್ಮೋಸ್ಟ್ಯಾಟ್ ಕೂಡ ಹೌದು. ಜೆ.ಸಿ. ರೋಡಿನಲ್ಲಿ ಹೊಸದು ಸಿಕ್ಕಿತು. ಹಾಕಿದ ಮೇಲೆ ಮುಳ್ಳು ತನ್ನ ಜಾಗಕ್ಕೆ ಬಂತು. ವಿಟೆಕ್ ಒಮ್ಮೊಮ್ಮೆ ಏಳತೊಡಗಿತು, ಒಮ್ಮೊಮ್ಮೆ ಇಲ್ಲ. ಉಳಿದ ಅರ್ಧ ಕಾಯಿಲೆ ಬೇರೆ ಕಡೆ ಇತ್ತು.

ಚೆಕ್ ಎಂಜಿನ್ ಲೈಟ್ ಬಂದಿದ್ದರೆ ಕೆಲಸ ಸುಲಭ. ಆ ಕಾಲದ ಹೋಂಡಾಗಳಲ್ಲಿ ಆ ದೀಪ ಮಿಟುಕಿಸುವ ಲೆಕ್ಕದಲ್ಲೇ ಕೋಡ್ ಹೇಳುತ್ತದೆ. 21 ಅಂದರೆ ಸಾಲೆನಾಯ್ಡ್‌ನ ವೈರಿಂಗ್ ಕಡೆಯ ತೊಂದರೆ, 22 ಅಂದರೆ ಆಯಿಲ್ ಪ್ರೆಶರ್ ಸ್ವಿಚ್ ಕಡೆಯದು. ಸ್ಕ್ಯಾನರ್ ಹಾಕುವ ನಂತರದ ಮಾಡೆಲ್‌ಗಳಲ್ಲಿ ಪಿ1259 ಅಂತ ಬರುತ್ತದೆ. 21 ಬಂದರೆ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಸಾಲೆನಾಯ್ಡ್‌ನ ರೆಸಿಸ್ಟೆನ್ಸ್ 14ರಿಂದ 30 ಓಮ್ ಒಳಗಿರಬೇಕು. ಬ್ಯಾಟರಿಯ 12 ವೋಲ್ಟ್ ಕೊಟ್ಟರೆ ಟಕ್ ಅನ್ನಬೇಕು. ಎರಡೂ ಸರಿ ಇದ್ದರೆ ಸಾಲೆನಾಯ್ಡ್‌ನ ಕಾಯಿಲ್ ಬದುಕಿದೆ, ಹೊಸದು ಕೊಳ್ಳುವ ಮುಂಚೆ ವೈರ್ ನೋಡಿ.

ಸಾಲೆನಾಯ್ಡ್ ಜೋಡಣೆಯನ್ನು ಹೆಡ್‌ನಿಂದ ಬಿಚ್ಚಿದರೆ ಅದರ ಹಿಂದೆ ಗ್ಯಾಸ್ಕೆಟ್ ಜೊತೆಗೆ ಒಂದು ಸಣ್ಣ ಜಾಲರಿ ಸಿಗುತ್ತದೆ. ಇಡೀ ವಿಟೆಕ್ ಆಯಿಲ್ ಅದರ ಮೂಲಕವೇ ಹೋಗಬೇಕು. ಆಯಿಲ್ ತಡವಾಗಿ ಬದಲಾಯಿಸಿದ ಗಾಡಿಗಳಲ್ಲಿ ಅಲ್ಲಿ ಕರೀ ಗಸಿ ಕಟ್ಟಿರುತ್ತದೆ. ನಮ್ಮ ಹುಡುಗನ ಗಾಡಿಯಲ್ಲಿ ಅರ್ಧಕ್ಕರ್ಧ ಮುಚ್ಚಿತ್ತು. ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದ ಮೇಲೆ ದನಿ ವಾಪಸ್ ಬಂತು. ಅವನು ಪೆಟ್ರೋಲ್ ಬಂಕ್‌ವರೆಗೆ ಹೋಗಿ ಬರ್ತೀನಿ ಅಂತ ಹೋದವನು ಒಂದು ಗಂಟೆ ಬಿಟ್ಟು ಬಂದ. ಎಲ್ಲಿಗೆ ಹೋಗಿದ್ದೆ ಅಂತ ನಾನೂ ಕೇಳಲಿಲ್ಲ.

ಇನ್ನು 22. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಪ್ರೆಶರ್ ಸ್ವಿಚ್ ಇರುವುದು ಇಸಿಯುಗೆ ‘ಆಯಿಲ್ ನಿಜವಾಗಿ ಬಂತು’ ಅಂತ ತಿಳಿಸಲು. ಮಾಮೂಲಿಯಾಗಿ ಸ್ವಿಚ್ ಮುಚ್ಚಿರುತ್ತದೆ, ಒತ್ತಡ ಬಂದಾಗ ತೆರೆಯುತ್ತದೆ. ಸಾಲೆನಾಯ್ಡ್ ಆನ್ ಮಾಡಿದ ಮೇಲೂ ಸ್ವಿಚ್ ತೆರೆಯದಿದ್ದರೆ ಇಸಿಯು ವಿಟೆಕ್ ನಿಲ್ಲಿಸಿ ಲೈಟ್ ಹಾಕುತ್ತದೆ. ಇದಕ್ಕೆ ಕೆಲವರು ಹೇಳಿಕೊಡುವ ಶಾರ್ಟ್‌ಕಟ್ ಏನೆಂದರೆ ಸ್ವಿಚ್ಚಿನ ವೈರ್ ಜೊತೆ ಆಟವಾಡಿ ಇಸಿಯುವನ್ನು ನಂಬಿಸುವುದು, ಇಲ್ಲವೇ ಸಾಲೆನಾಯ್ಡ್‌ಗೆ ನೇರ ಕರೆಂಟ್ ಕೊಟ್ಟು ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಇಡುವುದು. ಟೆಸ್ಟ್ ಪಾಸಾಗಲಿ ಅಂತ ಟೆಸ್ಟನ್ನೇ ಡಿಲೀಟ್ ಮಾಡಿದ ಹಾಗೆ. ಸ್ವಿಚ್ ಕೆಟ್ಟಿರಬಹುದು, ಅದನ್ನು ಬದಲಾಯಿಸುವುದು ದೊಡ್ಡ ಕೆಲಸವಲ್ಲ. ಆದರೆ ಸ್ವಿಚ್ ನಿಜ ಹೇಳುತ್ತಿದ್ದರೆ? ಆಗ ಆಯಿಲ್ ಒತ್ತಡ ಸಾಕಾಗುತ್ತಿಲ್ಲ ಎಂದರ್ಥ, ಮತ್ತು ಅದೇ ಆಯಿಲ್ ಕ್ರ್ಯಾಂಕಿನ ಬೇರಿಂಗ್‌ಗಳಿಗೂ ಹೋಗಬೇಕು. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಹತ್ತುವುದು ಒತ್ತಡ ತುಂಬಾ ಕೆಳಗೆ ಬಿದ್ದ ಮೇಲೆ. ಅದಕ್ಕಿಂತ ಎಷ್ಟೋ ಮುಂಚೆ ಎಚ್ಚರಿಸುವುದು ಈ ವಿಟೆಕ್ ಸ್ವಿಚ್. ಅದರ ಬಾಯಿ ಮುಚ್ಚಿಸಿ 6,500ಕ್ಕೆ ಎಳೆದರೆ ಬೇರಿಂಗ್ ಹೋಗುತ್ತದೆ. ಆಮೇಲೆ ಬರುವುದು ಟಕಟಕ ಸದ್ದು, ಎಂಜಿನ್ ಪೂರ್ತಿ ಇಳಿಸುವ ಬಿಲ್ಲು.

ಆದ್ದರಿಂದ 22 ಬಂದು, ಆಯಿಲ್ ಸರಿಯಿದ್ದು, ಜಾಲರಿಯೂ ಶುದ್ಧವಾಗಿದ್ದರೆ ಮುಂದಿನ ಹೆಜ್ಜೆ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಹಾಕಿಸಿ ಸರ್ವೀಸ್ ಮ್ಯಾನ್ಯುಯಲ್‌ನ ಅಂಕಿಯ ಜೊತೆ ಹೋಲಿಸುವುದು. ಬಹಳ ಗ್ಯಾರೇಜುಗಳು ಇದನ್ನು ಮಾಡುವುದೇ ಇಲ್ಲ. ನೀವೇ ಕೇಳಿ ಮಾಡಿಸಿ. ಒತ್ತಡ ಕಡಿಮೆ ಬಂದರೆ ವಿಟೆಕ್ ಮರೆತುಬಿಡಿ. ಪಂಪ್ ಮತ್ತು ಬೇರಿಂಗ್ ಗತಿ ಏನು ಅಂತ ಗೊತ್ತಾಗುವ ತನಕ ಗಾಡಿಯನ್ನು ಓಡಿಸದಿರುವುದೇ ಕ್ಷೇಮ.

ಒತ್ತಡವೂ ಚೆನ್ನಾಗಿದೆ, ಸಾಲೆನಾಯ್ಡ್ ಟಕ್ ಅನ್ನುತ್ತಿದೆ, ಆದರೂ ಏಳುತ್ತಿಲ್ಲ ಅಂದರೆ ಆಗ ಮಾತ್ರ ರಾಕರ್‌ಗಳ ಸರದಿ. ಅದಕ್ಕೂ ಹೆಡ್ ಇಳಿಸಬೇಕಾಗಿಲ್ಲ, ಮೇಲಿನ ವಾಲ್ವ್ ಕವರ್ ತೆಗೆದರೆ ಸಾಕು. ಎಂಜಿನ್ ತಣ್ಣಗಿರುವಾಗ ಒಂದೊಂದೇ ಸಿಲಿಂಡರನ್ನು ಟಾಪ್ ಡೆಡ್ ಸೆಂಟರ್‌ಗೆ ತಂದು ನಡುವಿನ ರಾಕರನ್ನು ಬೆರಳಿನಿಂದ ಒತ್ತಿ. ಪಕ್ಕದ ಎರಡನ್ನೂ ಅಲುಗಿಸದೆ ಅದೊಂದೇ ಕೆಳಗೆ ಹೋಗಿ ವಾಪಸ್ ಬರಬೇಕು. ಯಾವುದಾದರೂ ಒಂದು ಬಿಗಿದುಕೊಂಡಿದ್ದರೆ ಆ ರಾಕರ್ ಜೋಡಿಯನ್ನು ಬಿಚ್ಚಿ ಪಿನ್‌ಗಳನ್ನು ನೋಡಬೇಕು. ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಡಿ, ಯಾವುದು ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು.