ಹೆಸರು ಹೇಳದ ಆಟಕ್ಕೆ ಮಂದಿ ಸೇರುವುದಿಲ್ಲ

ನಿಡಸೋಸಿ, ಸಂಕೇಶ್ವರ, ಹುಕ್ಕೇರಿ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಗೊತ್ತು. ಪೈಲ್ವಾನರು ಕಣಕ್ಕೆ ಇಳಿಯುವ ಮೊದಲೇ ಮೈಕ್ ಹಿಡಿದವರು ಶುರು ಮಾಡಿರುತ್ತಾರೆ. ಇವನು ಯಾವ ಊರಿನವನು, ಯಾವ ತಾಲೀಮಿನಲ್ಲಿ ಬೆಳೆದವನು, ಹೋದ ವರ್ಷ ಯಾರನ್ನು ಚಿತ್ ಮಾಡಿದ, ಯಾರ ಕೈಯಲ್ಲಿ ಸೋತ. ಹಲಗಿ ಬಡಿಯುತ್ತದೆ. ಎದ್ದು ಹೊರಟವರು ಮತ್ತೆ ಕೂಡುತ್ತಾರೆ. ಹತ್ತು ನಿಮಿಷದ ಹಿಂದೆ ಆ ಪೈಲ್ವಾನ ಯಾರೋ ಏನೋ. ಈಗ ಅವನೇ ಗೆಲ್ಲಬೇಕು ಅನಿಸುತ್ತದೆ.

ಆಟಕ್ಕೆ ಮಂದಿ ಸೇರುವುದು ಹೀಗೆ. ಹುಡುಗಿಯರ ಫುಟ್‌ಬಾಲ್‌ಗೆ ಈ ಕೆಲಸವನ್ನು ಪತ್ರಕರ್ತರು ಮಾಡಿಲ್ಲ. ನಾವೂ ಮಾಡಿಲ್ಲ.

ಕಾಲೇಜು ಮುಗಿಸಿ ಸುದ್ದಿ ಬರೆಯಲು ಶುರು ಮಾಡಿದ ಹೊಸತರಲ್ಲಿ ಬಾಲಕಿಯರ ಪಂದ್ಯಾವಳಿಯೊಂದರ ವರದಿ ಬರೆದಿದ್ದೆವು. ಮೊನ್ನೆ ಅದನ್ನು ತೆಗೆದು ಓದಿ ನಾಚಿಕೆಯಾಯಿತು. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ವಂದಿಸಿದವರು ಸೇರಿ ಹನ್ನೊಂದು ಹೆಸರು. ಗೋಲು ಹೊಡೆದ ಹುಡುಗಿಯ ಹೆಸರೇ ಇಲ್ಲ. ಫೋಟೊದಲ್ಲಿ ಮುಂದೆ ನಿಂತವರೂ ಅತಿಥಿಗಳೇ. ಆ ವರದಿ ಓದಿ ಮುಂದಿನ ಪಂದ್ಯಕ್ಕೆ ಯಾರು ಬಂದಾರು?

"ಹುಡುಗಿಯರ ಆಟ ಯಾರೂ ನೋಡುವುದಿಲ್ಲ, ಅದಕ್ಕೇ ಬರೆಯುವುದಿಲ್ಲ" ಎನ್ನುವವರಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. 1920ರ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಕಾರ್ಖಾನೆ ಕೆಲಸದ ಹೆಣ್ಣುಮಕ್ಕಳ 'ಡಿಕ್ ಕೆರ್' ತಂಡದ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನವನ್ನು ಮಹಿಳೆಯರಿಗೆ ಕೊಡಬಾರದೆಂದು ಆದೇಶಿಸಿತು. ಆ ನಿಷೇಧ ಸುಮಾರು 50 ವರ್ಷ ಇತ್ತು. ಅಂದರೆ ನೋಡುವವರು ಇದ್ದರು, ಅವರಿಗೆ ಆಟ ಕಾಣದಂತೆ ಮಾಡಲಾಯಿತು. ಮತ್ತೆ ತೋರಿಸಿದಾಗ ಜನ ಬಂದರು: 2022ರ ಮಾರ್ಚ್‌ನಲ್ಲಿ ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಮಹಿಳಾ ತಂಡಗಳ ಪಂದ್ಯಕ್ಕೆ 91,553 ಪ್ರೇಕ್ಷಕರಿದ್ದರು.

ನಮ್ಮ ದೇಶದ್ದೇ ಎರಡು ಗೆಲುವು ನೋಡಿ. 2025ರ ನವೆಂಬರ್ 2ರಂದು ನಮ್ಮ ಮಹಿಳೆಯರು ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಹಳ್ಳಿಹಳ್ಳಿಯಲ್ಲೂ ಪಟಾಕಿ ಹಾರಿತು. ಸಾಂಗ್ಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾ ನಮ್ಮ ಮನೆ ಮಗಳಂತೆ ಎಲ್ಲರಿಗೂ ಗೊತ್ತು, ಏಕೆಂದರೆ ವರ್ಷಗಟ್ಟಲೆ ಟಿವಿ, ಪೇಪರ್, ಮೊಬೈಲ್ ಆ ಹೆಸರು ಹೇಳಿವೆ. ಅದೇ ವರ್ಷ ಜುಲೈ 5ರಂದು ಥಾಯ್ಲೆಂಡ್‌ನಲ್ಲಿ ನಮ್ಮ ಫುಟ್‌ಬಾಲ್ ತಂಡ ಆತಿಥೇಯರನ್ನು 2–1ರಿಂದ ಸೋಲಿಸಿತು. ಅರ್ಹತಾ ಪಂದ್ಯ ಗೆದ್ದು ಮಹಿಳಾ ಏಷ್ಯಾ ಕಪ್‌ಗೆ ಹೋಗಿದ್ದು ಅದೇ ಮೊದಲು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರವು. ನಿಮ್ಮಲ್ಲಿ ಎಷ್ಟು ಮಂದಿ ಈ ಹೆಸರು ಕೇಳಿದ್ದೀರಿ? 2023ರಲ್ಲಿ ಕರ್ನಾಟಕದ ಕಿಕ್‌ಸ್ಟಾರ್ಟ್ ತಂಡ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿ ಗೋಕುಲಂ ಕೇರಳದ ಎದುರು ಸೋತಿತು. ನಮ್ಮ ರಾಜ್ಯದ್ದೇ ತಂಡ, ಆ ಸೋಲಿಗೆ ಬೇಜಾರಾಗುವಷ್ಟೂ ಅದು ನಮಗೆ ಪರಿಚಯವಿರಲಿಲ್ಲ.

ಹೆಸರು ಹಾಕುವುದಕ್ಕೆ ಎಲ್ಲರೂ ಒಪ್ಪುವುದಿಲ್ಲ, ನಿಜ. ಒಬ್ಬ ತಂದೆ ನಮಗೆ ಹೇಳಿದ್ದು: "ಹುಡುಗಿ ಆಡ್ಲಿ ಬಿಡ್ರಿ, ಪೇಪರ್‌ನ್ಯಾಗ ಹೆಸರು ಯಾಕ? ನಾಕು ಮಂದಿ ಏನಂದಾರು?" ಈ ಹೆದರಿಕೆಯನ್ನು ನಾವು ಹಗುರವಾಗಿ ನೋಡುವುದಿಲ್ಲ. ಮೊಬೈಲ್‌ನಲ್ಲಿ ಫೋಟೊ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅದಕ್ಕೇ ಮನೆಯವರನ್ನೂ ಹುಡುಗಿಯನ್ನೂ ಕೇಳದೆ ನಾವು ಹೆಸರು, ಫೋಟೊ ಹಾಕುವುದಿಲ್ಲ. ಆದರೆ ನಾಲ್ಕು ಮಂದಿ ಹೇಗೂ ಮಾತಾಡುತ್ತಾರೆ. ಅವಳ ಬಟ್ಟೆಯ ಬಗ್ಗೆ ಆಡುವ ಬದಲು ಅವಳು ತಡೆದ ಗೋಲಿನ ಬಗ್ಗೆ ಆಡಲಿ. ಆ ಮಾತಿಗೆ ದಾರಿ ಮಾಡಿಕೊಡುವುದು ವರದಿಗಾರರ ಕೆಲಸ. ಅದು ಆಗದಿದ್ದರೆ ಎಂಟನೇ, ಒಂಬತ್ತನೇ ಕ್ಲಾಸಿಗೆ "ಆಡಿದ್ದು ಸಾಕು" ಅನ್ನುವ ಮಾತು ಬಂದಾಗ ಅವಳ ಪರವಾಗಿ ನಿಲ್ಲಲು ಊರಿನಲ್ಲಿ ಯಾರೂ ಇರುವುದಿಲ್ಲ.

ಇನ್ನು ಮುಂದೆ ನಾವು ಮೂರು ಕೆಲಸ ಮಾಡುತ್ತೇವೆ. ಪಂದ್ಯ ಮುಗಿದ ಮೇಲಲ್ಲ, ಮೊದಲೇ ಬರೆಯುತ್ತೇವೆ: ಎಂದು, ಎಲ್ಲಿ, ಯಾರ ಎದುರು. ಆಟಗಾರ್ತಿಯರ ವಿಷಯ ಮೊದಲು, ಅತಿಥಿಗಳದ್ದು ಕೊನೆಗೆ. ಗೆದ್ದಾಗಷ್ಟೇ ಅಲ್ಲ, ಸೋತ ತಂಡದ ಬಳಿಗೂ ಮತ್ತೆ ಹೋಗುತ್ತೇವೆ.

ನೀವು ಒಂದು ಕೆಲಸ ಮಾಡಿ. ನಿಮ್ಮ ಶಾಲೆಯ ಹುಡುಗಿಯರು ವಲಯ ಮಟ್ಟಕ್ಕೋ ತಾಲ್ಲೂಕು ಮಟ್ಟಕ್ಕೋ ಆಡಲು ಹೊರಟರೆ ಕಪ್ಪಿನ ಫೋಟೊ ಬರುವವರೆಗೆ ಕಾಯಬೇಡಿ. ಎರಡು ದಿನ ಮೊದಲೇ ನಮಗೆ ತಿಳಿಸಿ. ಆ ದಿನ ಬಿಡುವಿದ್ದರೆ ಮೈದಾನಕ್ಕೆ ನೀವೂ ಬನ್ನಿ.